ಡೆಬಿಟ್ ಬರೆಯುವ ಮೊದಲು ಕೇಳಬೇಕಾದ ಪ್ರಶ್ನೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಒಂದು ಅಡಿಕೆ ಅಂಗಡಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಪ್ಲಸ್ ಟು ಕಾಮರ್ಸ್ ಮುಗಿಸಿದ ಮಕ್ಕಳು ಕೆಲಸ ಕಲಿಯಲು ಬರುತ್ತಾರೆ. ಖಾತೆಯ ಎಡಗಡೆ ಬರೆಯುವುದು ಡೆಬಿಟ್, ಬಲಗಡೆ ಬರೆಯುವುದು ಕ್ರೆಡಿಟ್, ಅವುಗಳ ನಿಯಮ ಅವರಿಗೆ ಬಾಯಿಪಾಠ. ಆದರೆ ಒಂದು ಲೆಕ್ಕ ಕೊಟ್ಟರೆ ಪೆನ್ನು ಅಲ್ಲೇ ನಿಲ್ಲುತ್ತದೆ. ಯಾಕೆಂದರೆ ಬರೆಯುತ್ತಿರುವುದು ಯಾರ ಪುಸ್ತಕ ಎಂದು ಅವರು ಕೇಳಿಕೊಂಡಿರುವುದಿಲ್ಲ. ಹಾಗಾಗಿ ಶುರುವಿಗೆ ನಾನು ನಿಯಮದ ಸುದ್ದಿಗೇ ಹೋಗುವುದಿಲ್ಲ.

ಒಂದು ಲೆಕ್ಕ ನೋಡೋಣ. ಕೃಷಿಕರೊಬ್ಬರು 2 ಕ್ವಿಂಟಲ್ ಚಾಲಿ, ಅಂದರೆ ಒಣಗಿಸಿ ಸುಲಿದ ಅಡಿಕೆ, ತಂದರು. ಸುಲಭಕ್ಕೆ ಕಿಲೋಗೆ 400 ರೂಪಾಯಿ ಎಂದಿಟ್ಟುಕೊಳ್ಳಿ, ಒಟ್ಟು 80,000. ಅಂಗಡಿಯಿಂದ 50,000 ಅವರ ಬ್ಯಾಂಕಿಗೆ ಹಾಕಿದೆವು, ಉಳಿದದ್ದು ಬಾಕಿ. ಈಗ ಅಂಗಡಿಯ ಕಡೆಯಿಂದ ನೋಡಿ. ಒಳಗೆ ಬಂದದ್ದು ಅಡಿಕೆ, ಖರೀದಿ ಖಾತೆಗೆ 80,000 ಡೆಬಿಟ್. ಹೊರಗೆ ಹೋದದ್ದು ಹಣ, ಬ್ಯಾಂಕ್ ಖಾತೆಗೆ 50,000 ಕ್ರೆಡಿಟ್. ಕೊಡಲು ಉಳಿದದ್ದು 30,000, ಅದು ಕೃಷಿಕರ ಖಾತೆಗೆ ಕ್ರೆಡಿಟ್. ಆಮೇಲೆ ಇದನ್ನೇ ಕೃಷಿಕರ ಪುಸ್ತಕದಲ್ಲಿ ಬರೆಸುತ್ತೇನೆ. ಅಲ್ಲಿ ಖರೀದಿ ಹೋಗಿ ಮಾರಾಟ ಆಗುತ್ತದೆ, ನಮ್ಮ ಅಂಗಡಿ ಅವರಿಗೆ 30,000 ಕೊಡಬೇಕಾದ ಸಾಲಗಾರ ಆಗುತ್ತದೆ. ಎರಡೂ ಬರೆದ ಮೇಲೆ ಮಕ್ಕಳ ಅರ್ಧ ಗೊಂದಲ ಹೋಗುತ್ತದೆ.

ಗೋಣಿಯ ತೂಕ ಕಳೆದೇ ಬಿಲ್ ಮಾಡುತ್ತೇವೆ, ಹಾಗಾಗಿ ಅದು ಪುಸ್ತಕಕ್ಕೆ ಬರುವುದೇ ಇಲ್ಲ. ಬಿಲ್ಲಿನಲ್ಲೇ ಕಳೆದುಬಿಡುವ ರಿಯಾಯಿತಿಗೂ (ಟ್ರೇಡ್ ಡಿಸ್ಕೌಂಟ್) ಪುಸ್ತಕದಲ್ಲಿ ಬೇರೆ ನಮೂದು ಇಲ್ಲದಿರುವುದು ಇದೇ ಕಾರಣಕ್ಕೆ.

ಜಾಸ್ತಿ ಎಡವುವುದು ಅಡ್ವಾನ್ಸಿನಲ್ಲಿ. ಕೊಯ್ಲಿಗೆ ಮೊದಲೇ ಕೆಲವರು 20,000 ತೆಗೆದುಕೊಂಡು ಹೋಗುತ್ತಾರೆ. "ಅಡಿಕೆಗೇ ಕೊಟ್ಟದ್ದಲ್ವಾ ಅಕ್ಕ, ಖರೀದಿಗೆ ಹಾಕ್ತೇನೆ" ಎನ್ನುತ್ತಾರೆ ಮಕ್ಕಳು. ಅಡಿಕೆ ಇನ್ನೂ ಮರದಲ್ಲಿದೆ, ಖರೀದಿ ಎಲ್ಲಿ ಆಯಿತು? ಮಾಲು ಬರುವವರೆಗೆ ಅದು ಅಂಗಡಿಗೆ ಬರಬೇಕಾದ ಬಾಕಿ, ಅಂದರೆ ಆಸ್ತಿ. ಖರೀದಿಗೆ ಹಾಕಿಬಿಟ್ಟರೆ ಮಾರ್ಚ್ 31ಕ್ಕೆ ಗೋದಾಮಿನಲ್ಲಿ ಇಲ್ಲದ ಅಡಿಕೆಯ ಖರ್ಚು ಪುಸ್ತಕದಲ್ಲಿ ಕೂರುತ್ತದೆ. ಆ ವರ್ಷದ ಲಾಭ ಸುಮ್ನೆ 20,000 ಕಡಿಮೆ ಕಾಣುತ್ತದೆ.

ನನಗೆ ತುಂಬ ಇಷ್ಟವಾದ ಲೆಕ್ಕ ಇನ್ನೊಂದಿದೆ. ಧಣಿಗಳು ಮನೆಯ ಪೂಜೆಗೆಂದು 10 ಕಿಲೋ ಅಡಿಕೆ ತೆಗೆದುಕೊಂಡರು. ಅಂಗಡಿಯೇ ಅವರದ್ದು, ಬರೆಯುವುದೇಕೆ? ಬರೆಯಲೇಬೇಕು. ಪುಸ್ತಕದಲ್ಲಿ ಅಂಗಡಿ ಬೇರೆ, ಧಣಿ ಬೇರೆ. ಧಣಿ ಸ್ವಂತಕ್ಕೆ ತೆಗೆದುಕೊಂಡದ್ದನ್ನು ಬರೆಯುವ ಡ್ರಾಯಿಂಗ್ಸ್ ಖಾತೆಗೆ ಡೆಬಿಟ್, ಖರೀದಿ ಖಾತೆಗೆ ಕ್ರೆಡಿಟ್. ಮಾರಾಟಕ್ಕೆ ಕ್ರೆಡಿಟ್ ಕೊಡುವ ಹಾಗಿಲ್ಲ, ಯಾರಿಗೂ ಮಾರಿಲ್ಲವಲ್ಲ. ಕೊಂಡ ಬೆಲೆಗೇ ಬರೆಯಬೇಕು, 4,000. ಮಾರುವ ಬೆಲೆ ಹಾಕಿದರೆ ಧಣಿಗಳು ತಮ್ಮಿಂದಲೇ ಲಾಭ ಮಾಡಿಕೊಂಡಂತೆ ಆಗುತ್ತದೆ. ಈ ಒಂದು ಲೆಕ್ಕ ಅರ್ಥವಾದ ಮಕ್ಕಳಿಗೆ ಬಂಡವಾಳವನ್ನು ಯಾಕೆ ಸಾಲದ ಕಡೆ ಬರೆಯುತ್ತಾರೆ ಎಂದು ಬೇರೆ ಹೇಳಿಕೊಡಬೇಕಾಗಿಲ್ಲ. ಅದು ಅಂಗಡಿ ತನ್ನ ಧಣಿಗೆ ಕೊಡಬೇಕಾದದ್ದು.

ಗಡಿಯಲ್ಲಿರುವ ನಮಗೆ ಜಿಎಸ್‌ಟಿ ದಿನವೂ ಎದುರಾಗುತ್ತದೆ. ಒಣ ಅಡಿಕೆಗೆ ಶೇಕಡ 5. ಒಂದು ಲಕ್ಷದ ಮಾಲು ಕೇರಳದೊಳಗೆ ಮಾರಿದರೆ ತೆರಿಗೆ ಎರಡು ಪಾಲಾಗುತ್ತದೆ, ಒಂದು ಕೇಂದ್ರದ್ದು, ಒಂದು ರಾಜ್ಯದ್ದು: ಸಿಜಿಎಸ್‌ಟಿ 2,500, ಎಸ್‌ಜಿಎಸ್‌ಟಿ 2,500. ಅದೇ ಮಾಲು ತಲಪಾಡಿ ಗಡಿ ದಾಟಿ ಮಂಗಳೂರಿನ ವ್ಯಾಪಾರಿಗೆ ಹೋದರೆ ಅಂತರರಾಜ್ಯ ತೆರಿಗೆ, ಅಂದರೆ ಐಜಿಎಸ್‌ಟಿ 5,000. ಕೊಂಡವರ ಖಾತೆಗೆ ಎರಡೂ ಸಲ 1,05,000 ಡೆಬಿಟ್. ಮಾರಾಟ ಮಾತ್ರ ಒಂದೇ ಲಕ್ಷ. ಉಳಿದ 5,000 ಸರಕಾರದ್ದು, ಅದನ್ನು ಮಾರಾಟದ ಒಳಗೆ ಸೇರಿಸಬೇಡಿ.

ಕೊನೆಗೆ ಟ್ರಯಲ್ ಬ್ಯಾಲೆನ್ಸ್, ಅಂದರೆ ಎಲ್ಲ ಖಾತೆಗಳ ಡೆಬಿಟ್ ಮೊತ್ತ, ಕ್ರೆಡಿಟ್ ಮೊತ್ತ ಸಮ ಇದೆಯೇ ಎಂದು ನೋಡುವ ಪಟ್ಟಿ. ಎರಡು ಕಡೆಯೂ ಸಮ ಬಂದರೆ ಮಕ್ಕಳು ಪುಸ್ತಕ ಮಡಚಿ ಏಳುತ್ತಾರೆ. ಸಮ ಬಂದರೂ ತಪ್ಪು ಒಳಗೆ ಉಳಿಯಬಹುದು. ನಮ್ಮೂರಲ್ಲಿ ಒಂದೇ ಹೆಸರಿನ ಭಟ್ರು, ಶೆಟ್ಟರು ಎಷ್ಟೋ ಮಂದಿ. ಒಬ್ಬರ 30,000 ಇನ್ನೊಬ್ಬರ ಖಾತೆಗೆ ಹೋದರೂ ಮೊತ್ತ ಸರಿಯಾಗಿಯೇ ಬರುತ್ತದೆ. ಗೊತ್ತಾಗುವುದು ಹಣ ಕೇಳಲು ಸರಿಯಾದವರು ಬಂದಾಗ. ಇದನ್ನು ಕಂಪ್ಯೂಟರೂ ಹಿಡಿಯುವುದಿಲ್ಲ. ಆದ್ದರಿಂದ ಲೆಡ್ಜರಿನಲ್ಲಿ, ಅಂದರೆ ಖಾತೆ ಪುಸ್ತಕದಲ್ಲಿ, ಹೆಸರಿನ ಜೊತೆ ಮನೆ ಹೆಸರು ಇರಲೇಬೇಕು. ತಿಂಗಳ ಕೊನೆಗೆ ಒಂದೊಂದು ತೂಕದ ಚೀಟಿಯನ್ನೂ ಖಾತೆಯ ಜೊತೆ ಇಟ್ಟು ತಾಳೆ ನೋಡಿಸುತ್ತೇನೆ, ಟ್ರಯಲ್ ಬ್ಯಾಲೆನ್ಸ್ ಸರಿ ಬಂದಿದ್ದರೂ.