ಧಾರಣಿ ಬರೆದ ಕಾರ್ಡಿಗೆ ಧಾರಣಿ ಕಟ್ಟಿದ್ದು

ನೆಟ್‌ನಲ್ಲಿ ಹಳೇ ಪೋಸ್ಟ್ ಕಾರ್ಡ್ ಅಂತ ಹುಡುಕಿ ನೋಡಿ, ಹುಚ್ಚು ಹುಚ್ಚು ರೇಟು ಕಾಣುತ್ತವೆ. 15 ಪೈಸೆಯ ಹುಲಿ ಚಿತ್ರದ ಕಾರ್ಡು, ನಾವೆಲ್ಲ ಗುಲಬರ್ಗಾ ಆಕಾಶವಾಣಿಗೆ ಹಾಡಿನ ಕೋರಿಕೆ ಬರೆದು ಹಾಕುತ್ತಿದ್ದೆವಲ್ಲ, ಅದೇ ಕಾರ್ಡಿಗೆ ಯಾರೋ ಪುಣ್ಯಾತ್ಮ ಎರಡು ಸಾವಿರ ಕೇಳಿ ಕೂತಿರುತ್ತಾನೆ. ಕೇಳಲಿ ಬಿಡಿ, ಕೇಳೋದಕ್ಕೇನು ದುಡ್ಡು ಕೊಡಬೇಕಾ? ಆದರೆ ಅದನ್ನು ನೋಡಿಕೊಂಡು ಮನೆಯಲ್ಲಿರೋ ಕಾರ್ಡಿಗೆಲ್ಲ ಲೆಕ್ಕ ಹಾಕುತ್ತಾ ಕೂತರೆ ಕಷ್ಟ. ಕೇಳಿದ ರೇಟು ಬೇರೆ, ಹೋದ ರೇಟು ಬೇರೆ. ಇದು ಗುಲಬರ್ಗಾದ ಕಾಳಿನ ಪೇಟೆ ನೆಹರೂ ಗಂಜಿನಲ್ಲಿ ಒಂದು ದಿನ ನಿಂತವರಿಗೂ ಗೊತ್ತಿರೋ ಮಾತು.

ನಮ್ಮ ಕಾಕಾನ ಅಡತ್ ಅಂಗಡಿ, ಅಂದರೆ ರೈತರ ಮಾಲನ್ನು ಕಮಿಷನ್ ಮೇಲೆ ಮಾರಿಕೊಡೋ ಅಂಗಡಿ, ಇದ್ದಿದ್ದೂ ಗಂಜಿನಲ್ಲೇ. ಅಜ್ಜನ ಕಾಲದ್ದು. ಹೋದ ವರ್ಷ ತೊಗರಿ ಸೀಜನ್ ಮುಗಿದ ಮೇಲೆ ಖಾಲಿ ಮಾಡಿದರು. ಅಟ್ಟದ ಮೇಲಿಂದ ಧೂಳು ಹಿಡಿದ ಖಾತೆ ಪುಸ್ತಕ, ತಕ್ಕಡಿ ಕಲ್ಲು ಎಲ್ಲ ಇಳಿಸುವಾಗ ಅದರ ಜೊತೆ ತಂತಿಗೆ ಚುಚ್ಚಿದ ಕಾರ್ಡುಗಳೂ ಬಂದವು. ಕೆಳಗೆ ಒಂದು ಗುಂಡನೆ ಕಟ್ಟಿಗೆ, ಮೇಲೆ ಕೊಕ್ಕೆ. ಬಂದ ಕಾಗದ ಓದಿದ ಕೂಡಲೇ ಅದಕ್ಕೆ ಚುಚ್ಚೋದು, ಅದೇ ಆಗಿನ ಫೈಲು. ಅಂಥ ತಂತಿ ಒಂದೆರಡಲ್ಲ. ಕಾಕಾ ನನ್ನ ಮುಖ ನೋಡಿದರು. "ರದ್ದಿಯಂವ ಕೆಜಿಗೆ ಹನ್ನೆರಡು ಅಂತಾನ. ನೀ ಏನರೇ ಮಾಡ್ತಿ ಅಂದ್ರ ಒಯ್ಯಿ" ಅಂದರು. ನಾನು ಕಂಪ್ಯೂಟರ್ ಮುಂದೆ ಕೂರೋ ಕೆಲಸದವನು, ಅಷ್ಟು ಸಾಕಾಯಿತು ಅವರಿಗೆ.

ಒಂದು ಭಾನುವಾರ ಬೆಳಿಗ್ಗೆ ಮಾಳಿಗೆ ಮೇಲೆ ಚಾಪೆ ಹಾಸಿ ನಾನು, ಮಗ ಇಬ್ಬರೂ ಕೂತು ಬೇರ್ಪಡಿಸಿದೆವು. ಕಾರ್ಡಿನಲ್ಲಿ ಏನಿತ್ತು ಅಂದರೆ ಬಹುತೇಕ ಒಂದೇ ವಿಷಯ, ಧಾರಣಿ, ಅಂದರೆ ಪೇಟೆಯ ರೇಟು. ಮೇಲೆ ಶ್ರೀ, ಆಮೇಲೆ ಉಭಯ ಕುಶಲೋಪರಿ ಸಾಂಪ್ರತ, ಅಲ್ಲಿಂದ ನೇರ ತೊಗರಿ ಪಲ್ಲಕ್ಕೆ ಇಷ್ಟು, ಕಡಲೆ ಇಷ್ಟು, ಕುಸುಬಿ ಕೇಳುವವರಿಲ್ಲ, ಮಾಲು ಕಳಿಸಬೇಡಿ. ಕನ್ನಡ, ಮರಾಠಿ, ಉರ್ದು, ನಡುವೆ ನಮಗೆ ಒಂದಕ್ಷರ ತಿಳಿಯದ ಮೋಡಿ ಲಿಪಿ. ಸೊಲ್ಲಾಪುರದ ಒಂದು ಕಾರ್ಡಿನಲ್ಲಿ ರೇಟಿನ ಮುಂದೆ 'ಕಲ್ದಾರ' ಅಂತ ಬರೆದಿತ್ತು. ಅದರ ಪಕ್ಕದಲ್ಲೇ ಅಜ್ಜ ಪೆನ್ಸಿಲ್ಲಿನಲ್ಲಿ ಹಾಲಿ ಸಿಕ್ಕಾ ಲೆಕ್ಕ ಹಾಕಿಕೊಂಡಿದ್ದ. ನಿಜಾಮರ ಹಾಲಿ ರೂಪಾಯಿ ಬೇರೆ, ಇಂಗ್ರೇಜಿ ಕಲ್ದಾರ ರೂಪಾಯಿ ಬೇರೆ ಇದ್ದ ಕಾಲ. ಆರು ಕಲ್ದಾರಕ್ಕೆ ಸುಮಾರು ಏಳು ಹಾಲಿ. ಪೆನ್ಸಿಲ್ಲಿನ ಸಾಲು ಅಂಚಿನ ತನಕ ಹೋಗಿ, ಜಾಗ ಸಾಲದೆ ವಿಳಾಸದ ಬದಿಗೆ ತಿರುಗಿತ್ತು.

ಮಗ ಒಂದು ಕಾರ್ಡು ಎತ್ತಿ "ಅಪ್ಪಾ, ಇದ್ರ ಮ್ಯಾಲ 1352 ಅಂತ ಐತಿ, ಬಹಮನಿ ಕಾಲದ್ದು!" ಅಂತ ಕೂಗಿದ. ನಕ್ಕು ಸಾಕಾಯಿತು. ಅದು ಫಸಲಿ ಇಸವಿ. ನಿಜಾಮರ ರಾಜ್ಯದಲ್ಲಿ ಲೆಕ್ಕಪತ್ರ ಎಲ್ಲ ಫಸಲಿಯಲ್ಲೇ, 590 ಕೂಡಿಸಬೇಕು. ಅಂದರೆ 1942-43. ಇದೇ ಊರನ್ನು ರಾಜಧಾನಿ ಮಾಡಿಕೊಂಡ ಹಸನ್ ಬಹಮನ್ ಷಾ ಗದ್ದುಗೆ ಏರಿದ್ದು 1347ರಲ್ಲಿ, ಹಾಗಾಗಿ ಹುಡುಗನ ಲೆಕ್ಕ ಪೂರ್ತಿ ತಪ್ಪು ಅನ್ನೋ ಹಾಗೂ ಇಲ್ಲ! ಆ ಷಾನ ಕಾಲಕ್ಕೆ ಪೋಸ್ಟಾಫೀಸು ಇರಲಿಲ್ಲ, ಅಷ್ಟೇ.

ರೇಟು ಕಟ್ಟೋದಕ್ಕೆ ಮೊದಲು ಕಾರ್ಡಿನ ಕಾಲ ಗೊತ್ತಾಗಬೇಕು. ತಾರೀಖು ಅಳಿಸಿದ್ದರೂ ದಾರಿ ಇದೆ. ವಿಳಾಸದಲ್ಲಿ ಪಿನ್ ಕೋಡ್ ಇದ್ದರೆ ಅದು 1972ರ ಆಗಸ್ಟ್ 15ರ ನಂತರದ್ದು. ನಮ್ಮೂರಿನ ಹೆಸರಿನ ಜೊತೆ 'ಮೈಸೂರು ರಾಜ್ಯ' ಅಂತ ಇದ್ದರೆ 1956ರಿಂದ 1973ರ ನಡುವಿನದು. ಬೆಲೆ ನಯೇ ಪೈಸೆಯಲ್ಲಿದ್ದರೆ 1957ರ ಈಚಿನದು. ನಮ್ಮ ಭಾಗದಲ್ಲಿ ಇನ್ನೊಂದು ಮಜಾ ಇದೆ. ಹೈದರಾಬಾದ್ ಸಂಸ್ಥಾನಕ್ಕೆ 1869ರಿಂದಲೂ ತನ್ನದೇ ಸ್ಟಾಂಪು, ತನ್ನದೇ ಅಂಚೆ. ಆದರೆ ಅದು ನಡೆಯುತ್ತಿದ್ದುದು ಸಂಸ್ಥಾನದ ಒಳಗೆ ಮಾತ್ರ. ಹಾಗಾಗಿ ಯಾದಗಿರಿಯಿಂದ, ಸೇಡಂನಿಂದ ಅಜ್ಜನಿಗೆ ಬಂದದ್ದು ನಿಜಾಮರ ಕಾರ್ಡು, ಬ್ರಿಟಿಷರ ಕೈಲಿದ್ದ ಸೊಲ್ಲಾಪುರದಿಂದ ಬಂದದ್ದು ಜಾರ್ಜ್ ರಾಜನ ಚಿತ್ರದ ಕಾರ್ಡು. ಎರಡೂ ಒಂದೇ ವಾರದ್ದು, ಒಂದೇ ತಂತಿಯಲ್ಲಿದ್ದವು. ರೇಟು ಮಾತ್ರ ಆಕಾಶ ಭೂಮಿ. ಜಾರ್ಜ್ ರಾಜನ ಕಾರ್ಡು ದೇಶದ ತುಂಬ ಬಿದ್ದಿವೆ, ಸಣ್ಣ ಊರಿನ ಸಿಕ್ಕಾ (ಅಂಚೆ ಮುದ್ರೆ) ಬಿದ್ದ ನಿಜಾಮರ ಕಾರ್ಡು ಅಷ್ಟು ಸಿಗೋದಿಲ್ಲ. ಅದರಲ್ಲೂ 1948ರ ಸೆಪ್ಟೆಂಬರ್ 17ಕ್ಕೆ ನಿಜಾಮರು ಭಾರತದ ಸೇನೆಗೆ ಶರಣಾದ ಮೇಲೂ ನಿಜಾಮರ ಅಂಚೆ ನಡೆದೇ ಇತ್ತು. 1950ರ ಏಪ್ರಿಲ್ 1ಕ್ಕೆ ಭಾರತದ ಅಂಚೆಯಲ್ಲಿ ಸೇರಿತು. ಆ ಒಂದೂವರೆ ವರ್ಷದ ಸಿಕ್ಕಾ ಸ್ವಚ್ಛ ಕಂಡರೆ ಸಂಗ್ರಹಕಾರರು ತಿರುಗಿ ನೋಡುತ್ತಾರೆ. ಕಾರ್ಡು ಹಳೆಯದು ಅಂದ ಮಾತ್ರಕ್ಕೆ ಯಾರೂ ನೋಡಲ್ಲ, ಗಮನಿಸಿ.

ಇ-ಬೇಯಲ್ಲಿ ಮಾರಾಟ ಆಗಿಹೋದವನ್ನು ಮಾತ್ರ ತೋರಿಸು ಅಂತ ಒಂದು ಆಯ್ಕೆ ಇದೆ. ಅದನ್ನು ಒತ್ತಿದರೆ ಎರಡು ಸಾವಿರದ ಹುಲಿಗಳೆಲ್ಲ ಮಾಯ. ಅಲ್ಲಿ ಉಳಿದ ರೇಟುಗಳೇ ನಿಜವಾದ ಧಾರಣಿ. ಅದನ್ನು ನೋಡಿಕೊಂಡು, ನಮ್ಮ ಕಾರ್ಡಿನ ನಡುವೆ ತಂತಿಯ ತೂತು ಇರೋದನ್ನು ಕಳೆದು ರೇಟು ಬರೆದೆ. ತೂತು ಖಾಲಿ ಜಾಗದಲ್ಲಿದ್ದರೆ ಸ್ವಲ್ಪ ಕಡಿಮೆ, ಅಕ್ಷರದ ಮೇಲಿದ್ದರೆ ಇನ್ನೂ ಕಡಿಮೆ, ಸಿಕ್ಕಾದ ಮೇಲೇ ಬಿದ್ದಿದ್ದರೆ ಅರ್ಧಕ್ಕರ್ಧ. ಫೋಟೋ ಬಿಸಿಲೇರುವ ಮುಂಚೆ, ಫ್ಲಾಶ್ ಇಲ್ಲದೆ, ಎರಡೂ ಬದಿ. ಮಸುಕಾದ ಸಿಕ್ಕಾ ಓದಬೇಕಂದರೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಬೇಕು, ಊರಿನ ಹೆಸರು ನಿಧಾನಕ್ಕೆ ಎದ್ದು ಕಾಣುತ್ತೆ. ಹರಿದಲ್ಲಿ ಟೇಪ್ ಅಂಟಿಸಬಾರದು, ಲ್ಯಾಮಿನೇಶನ್ ಅಂತೂ ಬೇಡವೇ ಬೇಡ.

ಸಂಗ್ರಹಕಾರರ ಒಂದೆರಡು ಗುಂಪಿನಲ್ಲಿ ಹಾಕಿದೆ. ಮಧ್ಯಾಹ್ನ ಊಟಕ್ಕೆ ಕೂತಿದ್ದೆ, ಸೊಲ್ಲಾಪುರದಿಂದ ಫೋನು. ರೈಲ್ವೆಯಿಂದ ರಿಟೈರ್ ಆದವರು, ಅರ್ಧ ಕನ್ನಡ, ಅರ್ಧ ಮರಾಠಿ. ಅವರಿಗೆ ಬೇಕಾಗಿದ್ದು ಸಿಕ್ಕಾ ಮಾತ್ರ, ಅದರಲ್ಲೂ ವಾಡಿ ಜಂಕ್ಷನ್ ಕಡೆಯ ರೈಲು ಅಂಚೆಯದು, ಆರ್‌ಎಂಎಸ್‌ದು. ಒಳಗೆ ಏನು ಬರೆದಿದೆ ಅಂತ ಒಂದು ಮಾತೂ ಕೇಳಲಿಲ್ಲ! ಯಾದಗಿರಿಯ 1948ರ ಡಿಸೆಂಬರ್ ಕಾರ್ಡಿಗೆ ನಾನು ಒಂಬೈನೂರು ಹಾಕಿದ್ದೆ, ಜಗ್ಗಾಡುತ್ತಾರೆ ಅಂತ ಗೊತ್ತಿದ್ದೇ ಹಾಕಿದ್ದು.

"ಸರ್ರ, ಒಂಬೈನೂರದಾಗ ಕಾರ್ಡಿಂದು ಎಷ್ಟು, ನಿಮ್ಮ ಅಜ್ಜಂದು ಎಷ್ಟು?" ಅಂದರು.

"ಅಜ್ಜನ್ನ ಬಿಟ್ಟು ಹೇಳ್ರಿ" ಅಂದೆ.

"ಐನೂರು."

ಆರುನೂರಕ್ಕೆ ಕುದುರಿತು, ಜೊತೆಗೆ ಆರ್‌ಎಂಎಸ್ ಸಿಕ್ಕಾದ ನಾಲ್ಕು ಕಾರ್ಡು ತಲಾ ನೂರೈವತ್ತು. ಜಾರ್ಜ್ ರಾಜನ ಕಾರ್ಡುಗಳನ್ನು ಮೂವತ್ತು ಮೂವತ್ತೈದಕ್ಕೆ ಬೇರೆಯವರು ಒಟ್ಟಿಗೆ ಒಯ್ದರು. ಹೊರದೇಶದಿಂದಲೂ ಒಬ್ಬರು ಕೇಳಿದರು. ನೂರು ವರ್ಷ ದಾಟಿದ ಐತಿಹಾಸಿಕ ವಸ್ತುಗಳನ್ನು, 75 ವರ್ಷ ದಾಟಿದ ಐತಿಹಾಸಿಕ ಕಾಗದಪತ್ರಗಳನ್ನು ದೇಶದ ಹೊರಗೆ ಕಳಿಸೋದಕ್ಕೆ 1972ರ ಕಾಯ್ದೆ ಅಡ್ಡ ಬರುತ್ತೆ. ಆ ತಾಪತ್ರಯ ಯಾಕೆ ಅಂತ ಸುಮ್ನಾದೆ.

ಮಾರದೇ ಇಟ್ಟವೂ ಇವೆ. ಯಾರೋ ಸಾಲಕ್ಕೆ ಗಡುವು ಕೇಳಿ ಬರೆದವು, ಮನೆಯ ಕಾಯಿಲೆ ಕಸಾಲೆ ಬರೆದವು. ಅವರ ಮೊಮ್ಮಕ್ಕಳು ಇದೇ ಊರಲ್ಲಿದ್ದಾರೆ, ಇವನ್ನೆಲ್ಲ ಗುಂಪಿನಲ್ಲಿ ಹಾಕೋದು ಸರಿಯಲ್ಲ. ಮದುವೆ ಗಟ್ಟಿಯಾದ ಸುದ್ದಿಯ ಒಂದು ಕಾರ್ಡಿಗೆ ನಾಲ್ಕೂ ಮೂಲೆಗೆ ಅರಿಶಿಣ ಹಚ್ಚಿತ್ತು. ಅದರ ಫೋಟೋ ನೋಡಿದ ಒಬ್ಬ "ಮೂಲೆಯಲ್ಲಿ ಕಲೆ ಇದೆ, ಇಪ್ಪತ್ತು ಕೊಡ್ತೀನಿ" ಅಂತ ಬರೆದ. ನಾನು ಉತ್ತರವನ್ನೇ ಕೊಡಲಿಲ್ಲ. ಸಾವಿನ ಸುದ್ದಿಯ ಕಾರ್ಡು ಮಾತ್ರ ಒಂದೂ ಸಿಗಲಿಲ್ಲ. ಅವನ್ನು ಓದಿದ ಕೂಡಲೇ ಹರಿದು ಹಾಕುತ್ತಿದ್ದರಲ್ಲ, ತಂತಿಗೆ ಹೇಗೆ ಬರುತ್ತವೆ?

ಎರಡು ರಟ್ಟಿನ ನಡುವೆ ಇಟ್ಟು ಸ್ಪೀಡ್ ಪೋಸ್ಟ್ ಮಾಡಿ, ದುಡ್ಡು ತಗೊಂಡು ಕಾಕಾನ ಮನೆಗೆ ಹೋದೆ. ಅವರು ಚಷ್ಮಾ ಹಾಕಿಕೊಂಡು ನೋಟು ಎಣಿಸಿದರು, ಇನ್ನೊಮ್ಮೆ ಎಣಿಸಿದರು, ನೂರಕ್ಕೆ ಎರಡರಂತೆ ಲೆಕ್ಕ ಹಾಕಿ ಒಂದಿಷ್ಟು ಚಿಲ್ಲರೆ ನನ್ನ ಕಡೆ ಸರಿಸಿದರು.

"ಇದೇನ್ ಕಾಕಾ?"

"ನಿನ್ನ ಅಡತ್. ಮಾಲು ಅಂಗಡೀದು, ಮಾರಿದಂವ ನೀನು. ಇನ್ನೇನ್ ಅರ್ಧ ಕೊಡಬೇಕೇನ್ ನಿನಗ?"

"ಸ್ಪೀಡ್ ಪೋಸ್ಟಿಂದು ನನ್ನ ಕೈಲಿಂದ ಹೋಗ್ಯಾದ."

"ಅದು ಹಮಾಲಿ. ಅದನ್ನ ಮಾಲಿನ ಮ್ಯಾಲ ಹಾಕು" ಅಂದವರೇ, ಆ ಚೀಟಿ ಎಲ್ಲಿ ಅಂತ ಕೈ ಚಾಚಿದರು.