ನಮ್ಮ ಗೋಡೆ ಪತ್ರಿಕೆ: ಇಲ್ಲಿವರೆಗೆ ಆಗಿದ್ದು, ಇನ್ನೂ ಬಾಕಿ ಇರೋದು

ಕೊಪ್ಪಳದ ನಮ್ಮ ಗೋಡೆ ಪತ್ರಿಕೆ ಇನ್ನೂ ನಡೆಯುತ್ತಿದೆ. ಸಿಕ್ಕವರೆಲ್ಲ ಮೊದಲು ಕೇಳುವುದು ಇದನ್ನೇ, ಅದಕ್ಕೆ ಮೊದಲೇ ಹೇಳಿಬಿಟ್ಟೆ. ಗೊತ್ತಿಲ್ಲದವರಿಗೆ: ತಿಂಗಳಿಗೊಂದು ಎ3 ಹಾಳೆ, ಒಂದೇ ಮಗ್ಗಲು ಪ್ರಿಂಟು, ಊರಿಗೆ ಸಂಬಂಧಪಟ್ಟ ಒಂದೇ ವಿಷಯ. ಚಹಾ ಅಂಗಡಿ, ಕಟಿಂಗ್ ಶಾಪ್, ಕಿರಾಣಿ ಅಂಗಡಿ, ಹೀಗೆ ಗೋಡೆ ಕೊಟ್ಟವರ ಕಡೆಯೆಲ್ಲ ಹಚ್ಚುತ್ತೇವೆ. ಜಾಹೀರಾತು ಇಲ್ಲ, ಸಂಬಳ ಇಲ್ಲ, ಸಂಪಾದಕ ಅಂತ ಯಾರೂ ಇಲ್ಲ. ರಿಟೈರ್ ಆದ ಮಾಸ್ತರೊಬ್ಬರು, ಡಿಟಿಪಿ ಮಾಡುವ ಹುಡುಗಿ, ಒಬ್ಬ ಬಸ್ ಕಂಡಕ್ಟರ್, ನಾನು. ಬಿಡುವು ಸಿಕ್ಕವರು ಬರೆಯುತ್ತಾರೆ, ಸಿಗದವರು ಜೆರಾಕ್ಸ್ ದುಡ್ಡು ಕೊಡುತ್ತಾರೆ.

ಶುರುವಿನ ಹಾಳೆಗಳಲ್ಲಿ ಬರೀ ಇತಿಹಾಸ. ಅದು ಸುಲಭ, ಅಲ್ವಾ? ಕೊಪ್ಪಳದಲ್ಲಿ ಇತಿಹಾಸಕ್ಕೇನು ಬರ? ಗವಿಮಠದ ಹತ್ತಿರದ ಬಂಡೆಯಲ್ಲಿ ಅಶೋಕನ ಶಾಸನ, ಪಾಲ್ಕಿಗುಂಡಿನಲ್ಲಿ ಇನ್ನೊಂದು. ಕವಿರಾಜಮಾರ್ಗದಲ್ಲಿ ಕೊಪಣದ, ಅಂದರೆ ನಮ್ಮ ಕೊಪ್ಪಳದ್ದೇ ಹಳೇ ಹೆಸರು. 1858ರಲ್ಲಿ ಮುಂಡರಗಿ ಭೀಮರಾಯ ಇಂಗ್ಲಿಷರ ಜೊತೆ ಕಾದಾಡಿ ಪ್ರಾಣ ಬಿಟ್ಟ ಕೋಟೆ. ಇಟಗಿಯಲ್ಲಿ 1112ರ ಮಹಾದೇವ ದೇವಾಲಯ, ಕುಕನೂರಿನಲ್ಲಿ ನವಲಿಂಗ. ಮಾಸ್ತರಿಗೆ ಇವೆಲ್ಲ ಬಾಯಿಪಾಠ. ಅವರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ.

ಜನ ನೋಡಿದರು. "ಚಲೋ ಆಗೇತ್ರಿ" ಅಂದರು. ಚಹಾ ಕುಡಿದು ಹೋದರು. ಅಂಗಡಿಯವರೇ ಒಂದು ದಿನ ಬಾಯಿಬಿಟ್ಟು ಹೇಳಿದರು: "ಇದನ್ನೆಲ್ಲಾ ಸಾಲ್ಯಾಗ ಓದೀವಲ್ರಿ ಸರ." ಅವರ ಮಾತು ನಿಜ. ಅವುಗಳಲ್ಲಿ ಪಾಲ್ಕಿಗುಂಡಿನ ಹಾಳೆಯೊಂದೇ ಸ್ವಲ್ಪ ಓಡಿತು. ಯಾಕೆಂದರೆ ಅದರಲ್ಲಿ ಅಶೋಕನಿಗಿಂತ ಜಾಸ್ತಿ ಜಾಗ ಗುಡ್ಡಕ್ಕೆ ಕೊಟ್ಟಿದ್ದೆವು. ಯಾವ ಕಡೆಯಿಂದ ಹತ್ತಬೇಕು, ಬಂಡೆಗಳ ಮೇಲೆ ಸೂರಿನಂತೆ ಕೂತ ಆ ದೊಡ್ಡ ಚಪ್ಪಟೆ ಕಲ್ಲು ಎಲ್ಲಿಂದ ಕಾಣುತ್ತದೆ, ಸವೆದುಹೋದ ಅಕ್ಷರ ನೋಡಬೇಕಾದರೆ ನಡುಮಧ್ಯಾಹ್ನ ಯಾಕೆ ಹೋಗಬಾರದು, ಇಂಥವು. ಬಿಸಿಲು ಓರೆಯಾಗಿ ಬಿದ್ದಾಗಲೇ ಕೊರೆದ ಗೆರೆಗೆ ನೆರಳು ಬರೋದು. ಕಾಲೇಜು ಹುಡುಗರು ಹಾಳೆಯ ಫೋಟೊ ಹೊಡೆದುಕೊಂಡು ಗುಡ್ಡಕ್ಕೆ ಹೋಗಿ ಬಂದರು.

ನಮ್ಮ ದಿಕ್ಕು ಬದಲಾಗಿದ್ದು ಕೊಪ್ಪಳದ ಹತ್ತಿರದ ಹಳ್ಳಿ ಕಿನ್ನಾಳದ ಹಾಳೆಯಿಂದ. ಕಿನ್ನಾಳದ ಗೊಂಬೆ ಯಾರಿಗೆ ಗೊತ್ತಿಲ್ಲ ಹೇಳಿ? ಜಿಐ ಟ್ಯಾಗ್ ಸಿಕ್ಕಿದೆ, ಚಿತ್ರಗಾರರ ಮನೆಗಳಲ್ಲಿ ಮಾಡುತ್ತಾರೆ, ಹಂಪಿಯ ಕೆಲಸಕ್ಕೂ ಅವರ ಹಿರಿಯರಿಗೂ ನಂಟು ಹೇಳುತ್ತಾರೆ. ಇಷ್ಟು ಎಲ್ಲ ಕಡೆ ಬಂದಿದೆ. ಆದರೆ ಗೊಂಬೆ ಆಗೋದು ಹೇಗೆ ಅಂತ ನಮ್ಮ ಓಣಿಯಲ್ಲಿ ಕೇಳಿ ನೋಡಿ. ಕಟ್ಟಿಗೆ ಕೆತ್ತಿ ಬಣ್ಣ ಹಚ್ಚುತ್ತಾರೆ ಅಂತಾರೆ, ಅಷ್ಟೇ.

ಕಟ್ಟಿಗೆ ಕೆತ್ತೋದು ಅದರಲ್ಲಿ ಸಣ್ಣ ಪಾಲು. ಹಗುರವಾದ ಪೊಳಕಿ ಕಟ್ಟಿಗೆಯಲ್ಲಿ ಕೈ, ಕಾಲು, ಮೈ ಬೇರೆ ಬೇರೆ ಮಾಡಿ ಹುಣಸೆ ಬೀಜದ ಅಂಟಿನಿಂದ ಕೂಡಿಸುತ್ತಾರೆ. ಆಮೇಲೆ ಕಿಟ್ಟ. ಗೋಣಿ ತುಂಡುಗಳನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಕಟ್ಟಿಗೆ ಹೊಟ್ಟು ಮತ್ತು ಹುಣಸೆ ಬೀಜದ ಅಂಟು ಸೇರಿಸಿ ನಾದಿದ್ದು ಅದು. ಅದನ್ನು ಗೊಂಬೆಯ ಮೈಗೆಲ್ಲ ಕೈಯಿಂದಲೇ ಮೆತ್ತಬೇಕು. ಅದರ ಮೇಲೆ ಅರಳೆಯ ಸಣ್ಣ ಸಣ್ಣ ತುಂಡು ಅಂಟಿಸಬೇಕು. ಅದರ ಮೇಲೆ ಕಲ್ಲಿನ ಪುಡಿಯ ಲೇಪ. ಬಣ್ಣ ಬರೋದು ಇಷ್ಟೆಲ್ಲ ಆದ ಮೇಲೆ. ಮೈಮೇಲಿನ ಸರ, ಡಾಬು, ಕಿರೀಟ ಉಬ್ಬಿ ಕಾಣುತ್ತವಲ್ಲ, ಅವು ಕೆತ್ತಿದ್ದಲ್ಲ. ಕಲ್ಲಿನ ಪುಡಿ, ಅಂಟು ಕಲಸಿ ಎಳೆ ಎಳೆಯಾಗಿ ಕೂರಿಸಿದ್ದು. ನಾನು ಮೂಗು ಹತ್ತಿರ ಹಿಡಿದು ನೋಡಿದರೂ ಕೆತ್ತನೆ ಅಂತಲೇ ಅನ್ನಿಸುತ್ತಿತ್ತು.

ಬರೆದದ್ದನ್ನು ಹೇಳಿದವರಿಗೇ ಓದಿ ತೋರಿಸಬೇಕು ಅಂತ ನಾವು ನಿಯಮ ಮಾಡಿಕೊಂಡಿದ್ದು ಆಗಲೇ. ಕೆಲಸ ಮಾಡುವ ಅಜ್ಜ ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಆಮೇಲೆ ಅಂದರು, "ಎಲ್ಲಾ ಐತಿ ತಮ್ಮಾ. ಒಣಗೂದು ಎಲ್ಲೈತಿ? ನಮ್ಮ ಕೆಲಸದಾಗ ಅರ್ಧಾ ಒಣಗಸೂದ ಐತಿ." ಒಂದೊಂದು ಪದರ ಆದ ಮೇಲೂ ಕಾಯಬೇಕು. ಮೋಡ ಮುಚ್ಚಿದರೆ ಕೆಲಸ ನಿಂತಂತೆಯೇ. ಗೊಂಬೆ ಕೊಳ್ಳೋಕೆ ಬಂದವರಿಗೆ ಇದು ಕಾಣೋದಿಲ್ಲ, ಅದಕ್ಕೆ ರೇಟು ಹೇಳಿದ ಕೂಡಲೇ ಹೌಹಾರುತ್ತಾರೆ. ಒಣಗಿಸುವ ವಿಷಯವನ್ನೇ ಹಾಳೆಯ ತಲೆಬರಹ ಮಾಡಿದೆವು. ಆ ಹಾಳೆಯನ್ನು ಜನ ನಿಂತು ಓದಿದರು. ಚಹಾ ಆರಿದ್ದನ್ನು ನಾನೇ ನೋಡಿದ್ದೇನೆ.

ಅವತ್ತಿಂದ ನನ್ನ ಹಟ ಇದು: ಊರಿನ ಸುದ್ದಿ ಎಲ್ಲರಿಗೂ ಸಿಗುತ್ತದೆ, ಊರಿನ ಕೆಲಸ ಸಿಗೋದಿಲ್ಲ. ನಾವು ಬರೆಯಬೇಕಾದ್ದು ಅದನ್ನು. ಮಾಸ್ತರು ಇನ್ನೂ ಪೂರ್ತಿ ಒಪ್ಪಿಲ್ಲ. ಶಾಸನ ಬರೆದವನದ್ದೂ ಕೆಲಸವೇ ಅಲ್ಲವಾ ಅಂತಾರೆ. ಆ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ.

ಹಚ್ಚುವ ಕೆಲಸದ ಬಗ್ಗೆ ಸ್ವಲ್ಪ, ಯಾಕೆಂದರೆ ಬೇರೆ ಊರಿನವರು ಕೇಳುತ್ತಿರುತ್ತಾರೆ. ಮೈದಾ ಅಂಟು ಬೇಡ. ದನ ಹಾಳೆ ಸಮೇತ ತಿಂದುಹಾಕುತ್ತವೆ, ಉತ್ಪ್ರೇಕ್ಷೆ ಅಲ್ಲ. ಇಂಕ್‌ಜೆಟ್ ಪ್ರಿಂಟ್ ಕೂಡ ಬೇಡ. ನಮ್ಮ ಬಿಸಿಲಿಗೆ ಬಣ್ಣ ಹಾರುತ್ತದೆ, ಒಂದು ಜಡಿಮಳೆಗೆ ಅಕ್ಷರ ಇಳಿದು ಹೋಗುತ್ತದೆ. ಜೆರಾಕ್ಸಿನ ಕಪ್ಪು ಟೋನರ್ ಎರಡನ್ನೂ ತಡೆದುಕೊಳ್ಳುತ್ತದೆ. ಈಗ ಪ್ಲೈವುಡ್ ತುಂಡಿಗೆ ಹಾಳೆ ಹಚ್ಚಿ ಮೇಲೆ ಪ್ಲಾಸ್ಟಿಕ್ ಹೊದಿಸುತ್ತೇವೆ. ಅಕ್ಷರ ದೊಡ್ಡದಿರಲಿ. ಓದುವವರು ನಿಂತಿರುತ್ತಾರೆ, ಕನ್ನಡಕ ಮನೆಯಲ್ಲಿರುತ್ತದೆ.

ಕೆಳಗೆ ನಾಲ್ಕು ಬೆರಳು ಜಾಗ ಖಾಲಿ ಬಿಟ್ಟು, ಪಕ್ಕದಲ್ಲಿ ದಾರ ಕಟ್ಟಿದ ಪೆನ್ಸಿಲ್ ಇಡುವುದು ಡಿಟಿಪಿ ಹುಡುಗಿಯ ಐಡಿಯಾ. ಪೆನ್ನು ಇಟ್ಟರೆ ಸಂಜೆಯೊಳಗೆ ಮಾಯ. ಪೆನ್ಸಿಲ್ಲನ್ನು ಯಾರೂ ಮುಟ್ಟೋದಿಲ್ಲ. ಆ ಖಾಲಿ ಪಟ್ಟಿಯೇ ಈಗ ನಮ್ಮ ಅರ್ಧ ಬಂಡವಾಳ. 1997ರಲ್ಲಿ ಕೊಪ್ಪಳ ಜಿಲ್ಲೆ ಆಗುವ ಮುಂಚೆ ನಾವು ರಾಯಚೂರು ಜಿಲ್ಲೆಯಲ್ಲಿ ಇದ್ದೆವಲ್ಲ, ಆ ದಿನಗಳ ಬಗ್ಗೆ ಹಾಕಿದ ಹಾಳೆಗೆ ಪಟ್ಟಿ ಸಾಲದೆ ಪಕ್ಕದ ಗೋಡೆಗೂ ಬರೆದರು. ಗಂಗಾವತಿ, ಸಿಂಧನೂರು, ಮಾನ್ವಿ ದಾಟಿ ಡಿಸಿ ಆಫೀಸಿಗೆ ಹೋಗಿದ್ದು, ಸಾಹೇಬರು ಸಿಗದೆ ಬಸ್‌ಸ್ಟ್ಯಾಂಡಿನಲ್ಲೇ ಮಲಗಿದ್ದು, ಬುತ್ತಿ ಹಳಸಿದ್ದು. ಒಬ್ಬರು ಬರೀ ಇಷ್ಟೇ ಬರೆದಿದ್ದರು: "ನಮ್ಮಪ್ಪ ಹೊಲದ ಕೇಸಿಗೆ ಹೋಗಿ ಹೋಗಿ ರಾಯಚೂರಾಗ ಬೀಗರನ್ನ ಮಾಡ್ಕೊಂಡು ಬಂದ." ಗೋಡೆ ಹಾಳಾಯಿತು ಅಂತ ಅಂಗಡಿಯವರು ಬೈದರು. ಸುಣ್ಣ ಹೊಡೆಸಿ ಕೊಟ್ಟೆವು.

ಜಾತ್ರೆ ಹಾಳೆ ಚೆನ್ನಾಗಿಯೇ ಬಂತು. ಬನದ ಹುಣ್ಣಿಮೆ ಆಗಿ ಬಿದಿಗೆ ದಿನ ಗವಿಸಿದ್ಧೇಶ್ವರ ತೇರು, ಹಳ್ಳಿಗಳಿಂದ ಟ್ರ್ಯಾಕ್ಟರ್‌ನಲ್ಲಿ ಬರುವ ಜೋಳದ ರೊಟ್ಟಿ, ದಾಸೋಹ. ಇದು ಎಲ್ಲರಿಗೂ ಗೊತ್ತಿರುವ ವಿಷಯ, ಹಾಗಾಗಿ ಬರೆಯೋಕೆ ಬಹಳ ಇರಲಿಲ್ಲ. ರೊಟ್ಟಿ ಬಡಿಯುವ ಅಕ್ಕಂದಿರ ಕಡೆ ಒಮ್ಮೆ ಸರಿಯಾಗಿ ಕೂತು ಕೇಳಬೇಕು.

ತಿಂಗಳಿಗೊಂದೇ ಹಾಳೆ ಅನ್ನುವ ಲೆಕ್ಕ ಮುರಿದಿದ್ದು 2024ರ ಆಗಸ್ಟ್‌ನಲ್ಲಿ. 10ನೇ ತಾರೀಖು ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಹೋಯಿತು. ಬೆಳಗಾಗುವಷ್ಟರಲ್ಲಿ ಫೋನ್ ತುಂಬ ಬರೀ ಗಾಳಿಸುದ್ದಿ. ಡ್ಯಾಮೇ ಒಡೆದಿದೆ ಅಂತ ಒಬ್ಬರು, ಆನೆಗೊಂದಿ ಮುಳುಗಿತು ಅಂತ ಇನ್ನೊಬ್ಬರು. ಕಂಡಕ್ಟರ್ ಗಂಗಾವತಿ ರೂಟಿನಲ್ಲಿದ್ದರು. ಬಸ್ಸಿನಲ್ಲಿ ಜನ ಏನೇನು ಕೇಳುತ್ತಾರೆ ಅಂತ ಟಿಕೆಟ್ ರೋಲಿನ ಹಿಂದೆ ಬರೆದುಕೊಂಡು ಬಂದರು. ಅವರ ಈ ಕೆಲಸವನ್ನು ನಾನು ಎಷ್ಟು ಹೊಗಳಿದರೂ ಕಡಿಮೆ. ಹಾಳೆಯಲ್ಲಿ ನಾವು ಬೇರೆ ಏನನ್ನೂ ಬರೆಯಲಿಲ್ಲ, ಆ ಪ್ರಶ್ನೆಗಳಿಗೆ ಮಾತ್ರ ಉತ್ತರ ಬರೆದೆವು.

ಡ್ಯಾಮಿಗೆ ಗೇಟು ಒಟ್ಟು ಎಷ್ಟು? 33. ಹೋಗಿದ್ದು ಒಂದು. ಹಾಗಿದ್ದರೆ ಉಳಿದ ಗೇಟುಗಳನ್ನೂ ಯಾಕೆ ಎತ್ತಿದರು? ನೀರೆಲ್ಲ ಒಂದೇ ಕಿಂಡಿಯ ಮೇಲೆ ನುಗ್ಗದಂತೆ ಒತ್ತಡ ಇಳಿಸೋಕೆ. ಹೊಸ ಗೇಟು ತಕ್ಷಣ ಯಾಕೆ ಹಾಕೋದಿಲ್ಲ? ಅಷ್ಟು ದೊಡ್ಡ ಗೇಟು ರೆಡಿ ಇಟ್ಟುಕೊಂಡು ಯಾರೂ ಕೂತಿರೋದಿಲ್ಲ. ಅದಕ್ಕೆ ಸ್ಟಾಪ್‌ಲಾಗ್, ಅಂದರೆ ಉಕ್ಕಿನ ಅಡ್ಡ ತುಂಡುಗಳನ್ನು ಕ್ರೇನಿನಲ್ಲಿ ಒಂದರ ಮೇಲೊಂದು ಇಳಿಸಿ ಕಿಂಡಿ ಮುಚ್ಚೋದು. ಹರಿಯುವ ನೀರಿನಲ್ಲೇ ಅದನ್ನು ಇಳಿಸಿದರು, ವಾರದೊಳಗೆ ಮುಗಿಯಿತು. ಎರಡನೇ ಬೆಳೆಗೆ ನೀರು ಸಿಗುತ್ತದಾ? ಅದನ್ನು ತೀರ್ಮಾನ ಮಾಡೋದು ನೀರಾವರಿ ಸಲಹಾ ಸಮಿತಿ, ಒಳಹರಿವು ಮತ್ತು ಸಂಗ್ರಹ ನೋಡಿಕೊಂಡು. ಎಡದಂಡೆ ಕಾಲುವೆಯ ಕೊನೇ ಭಾಗದವರಿಗೆ ಈ ಉತ್ತರ ಸಮಾಧಾನ ಕೊಡಲಿಲ್ಲ. ಕೊಡಬೇಕಾಗಿಯೂ ಇರಲಿಲ್ಲ. ಗೊತ್ತಿದ್ದಷ್ಟು ಬರೆದೆವು. ಆ ಹಾಳೆಯನ್ನು ಕ್ಯಾಂಪ್‌ಗಳ, ಅಂದರೆ ಕಾಲುವೆ ಸೀಮೆಗೆ ವಲಸೆ ಬಂದ ರೈತರ ಊರುಗಳ, ಕಡೆಯವರು ಕೇಳಿ ತೆಗೆದುಕೊಂಡು ಹೋದರು. ಜೆರಾಕ್ಸ್ ಅಂಗಡಿಯವರು ಅವತ್ತು ದುಡ್ಡು ತೆಗೆದುಕೊಳ್ಳಲಿಲ್ಲ.

ಎಲ್ಲ ಹಾಳೆಗೂ ಹಾಗೆ ಆಗೋದಿಲ್ಲ. ಚರಂಡಿ ಬಗ್ಗೆ ಹಾಕಿದ ಹಾಳೆಯನ್ನು ಯಾರೋ ಒಂದು ಕಡೆ ಬಿಟ್ಟು ಎಲ್ಲ ಕಡೆ ಹರಿದಿದ್ದರು. ಯಾರು ಅಂತ ಎಲ್ಲರಿಗೂ ಗೊತ್ತು, ಬಿಡಿ. ಇನ್ನೊಂದು ಪ್ರತಿ ತೆಗೆಸಿ ಹಚ್ಚಿದೆವು. ಚರಂಡಿ ಮಾತ್ರ ಹಾಗೇ ಇದೆ.

ಈಗ ಬಾಕಿ ಇರೋದು. ಹಿರೇಬೆಣಕಲ್ ಹಾಳೆಯನ್ನು ಹೊಸದಾಗಿ ಬರೆಯಬೇಕು. ಹಳೆಯದರಲ್ಲಿ ಬರೀ ದೊಡ್ಡ ಮಾತು: ಶಿಲಾಗೋರಿಗಳು, ಸುಮಾರು 400, 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿ. ಆ ಗೋರಿಗಳಿರುವ ಮೋರೇರ ಗುಡ್ಡ ಹತ್ತುವವರಿಗೆ ನೀರು ಎಷ್ಟು ಒಯ್ಯಬೇಕು, ಹೊಡೆದರೆ ಸದ್ದು ಮಾಡುವ ಆ ನಗಾರಿ ಬಂಡೆ ಯಾವ ಕಡೆಗಿದೆ, ಇವು ಬೇಕು. ಕುರಿ ಮೇಯಿಸುವವರ ಜೊತೆ ಹತ್ತಿದರೆ ಕೆಲಸ ಆಗುತ್ತದೆ.

ಅದಕ್ಕೂ ಮುಂಚೆ ಗಂಗಾವತಿಯ ರೈಸ್ ಮಿಲ್. ಭತ್ತದ ಲಾರಿ ಬಂದಾಗ ತೇವ ನೋಡೋದರಿಂದ ಹಿಡಿದು ಅಕ್ಕಿ, ನುಚ್ಚು, ತೌಡು ಬೇರೆ ಆಗಿ, ಹೊಟ್ಟು ಬಾಯ್ಲರ್‌ಗೆ ಹೋಗುವವರೆಗೆ. ಪ್ರಶ್ನೆಗಳ ಪಟ್ಟಿ ರೆಡಿ ಇದೆ. ಸುಗ್ಗಿ ಶುರು ಆದ ಮೇಲೆ ಬನ್ನಿ, ಈಗ ಮಷೀನು ನಿಂತಿದೆ ಅಂದಿದ್ದಾರೆ ಮಿಲ್ಲಿನವರು. ಕಂಡಕ್ಟರ್ ಡ್ಯೂಟಿ ನೋಡಿಕೊಂಡು ದಿನ ಗೊತ್ತು ಮಾಡಬೇಕು. ಕಟಿಂಗ್ ಶಾಪಿನವರು ಗೋಡೆಗೆ ಬಣ್ಣ ಹೊಡೆಸುತ್ತಾರಂತೆ, ಆ ಪ್ಲೈವುಡ್ ತುಂಡಿಗೆ ಬೇರೆ ಜಾಗ ಹುಡುಕಬೇಕು. ಸ್ಟೇಷನ್ ರೋಡಿನ ಕಡೆ ಯಾರಾದರೂ ಗೋಡೆ ಕೊಡೋದಿದ್ದರೆ ಹೇಳಿ. ಮಳೆ ಹನಿಯದ ಕಡೆ ಆದರೆ ಒಳ್ಳೆಯದು.