ಆರ್‌ಎಕ್ಸ್ 100: ಸಿಕ್ಕಿಕೊಂಡಿದ್ದ ಪೈಲಟ್ ಜೆಟ್ಟು ಕೊನೆಗೂ ಹೊರಬಂದಿತು

ಸೀಳು ಪೂರ್ತಿ ಸವೆದು, ಯಾವ ಸ್ಕ್ರೂಡ್ರೈವರಿಗೂ ಹಿಡಿತ ಕೊಡದಿದ್ದ ಪೈಲಟ್ ಜೆಟ್ಟು ನಿನ್ನೆ ಸಂಜೆ ಬೆಳಗಾವಿ ಉದ್ಯಮಬಾಗದ ಒಂದು ಲೇತ್ ವರ್ಕ್‌ಶಾಪಿನಲ್ಲಿ ಹೊರಬಂದಿತು. ಗಾಳಿಗೆ ಪೆಟ್ರೋಲು ಬೆರೆಸುವ ಕಾರ್ಬೊರೇಟರಿನೊಳಗೆ, ಥ್ರಾಟಲ್ ಕೊಡದೆ ಎಂಜಿನ್ ಮೆಲ್ಲಗೆ ಓಡುವಾಗ (ಐಡ್ಲಿಂಗ್) ಪೆಟ್ರೋಲಿನ ಅಳತೆ ಕಾಯುವ, ಸಣ್ಣ ರಂಧ್ರವಿರುವ ತಿರುಪು ಇದು. ಕಾರ್ಬೊರೇಟರಿನ ಒಡಲಿಗೆ ಒಂದು ಗೀರೂ ಬೀಳಲಿಲ್ಲ. ಯಮಹಾ ಆರ್‌ಎಕ್ಸ್ 100 ಬೈಕಿನ ತಯಾರಿಕೆ 1996ರಲ್ಲಿಯೇ ನಿಂತಿರುವುದರಿಂದ ಮೂಲ ಮಿಕುನಿ ವಿಎಂ ಕಾರ್ಬೊರೇಟರ್ ಈಗ ಸುಲಭವಾಗಿ ದೊರೆಯುವುದಿಲ್ಲ. ಕಿರುಬೆರಳಿನ ತುದಿಯಷ್ಟೂ ಇಲ್ಲದ ಹಿತ್ತಾಳೆಯ ತುಂಡಿಗಾಗಿ ಅದನ್ನು ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ. ಬಿಚ್ಚುವುದು, ತೊಳೆಯುವುದು, ಪೆಟ್ರೋಲಿನ ಮಟ್ಟ ಕಾಯುವ ಫ್ಲೋಟಿನ ಎತ್ತರ ನೋಡುವುದು ಎಲ್ಲರಿಗೂ ತಿಳಿದಿರುವ ಕೆಲಸವಾದ್ದರಿಂದ ನೇರವಾಗಿ ಜೆಟ್ಟಿಗೆ ಬರುತ್ತೇನೆ.

ಮುಕ್ಕಾಲು ಥ್ರಾಟಲ್ ಕೊಟ್ಟಾಗ ಗಾಡಿ ಸೊಗಸಾಗಿ ಓಡುತ್ತಿತ್ತು. ಐಡ್ಲಿಂಗಿನಲ್ಲಿ ಮಾತ್ರ ತೇಕುತ್ತಿತ್ತು, ಪ್ಲಗ್ಗು ಕಪ್ಪಗಾಗಿ ಒದ್ದೆಯಾಗುತ್ತಿತ್ತು. ಈ ಕಾರ್ಬೊರೇಟರಿನ ಏರ್ ಸ್ಕ್ರೂ, ಅಂದರೆ ಐಡ್ಲಿಂಗಿನ ಗಾಳಿಯನ್ನು ಹೊಂದಿಸುವ ತಿರುಪು, ಹೊರಕ್ಕೆ ತಿರುಗಿಸಿದಷ್ಟೂ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಕಡಿಮೆಯಾಗಬೇಕು, ಮತ್ತು ಸಾಮಾನ್ಯವಾಗಿ ಒಂದರಿಂದ ಎರಡು ಸುತ್ತಿನೊಳಗೆ ಎಂಜಿನ್ ತನ್ನ ಹದವನ್ನು ಕಂಡುಕೊಳ್ಳಬೇಕು. ಇಲ್ಲಿ ಮೂರು ಸುತ್ತು ಬಿಚ್ಚಿದರೂ ಎಂಜಿನ್ನಿಗೆ ಸುದ್ದಿಯೇ ಮುಟ್ಟಲಿಲ್ಲ. ಪೆಟ್ರೋಲು ಹೆಚ್ಚಾಗಿ ನುಗ್ಗಬಹುದಾದ ಇನ್ನೆರಡು ದಾರಿಗಳನ್ನು ಮುಚ್ಚುವ ಚೋಕ್ ಪ್ಲಂಜರ್ ಮತ್ತು ಫ್ಲೋಟ್ ನೀಡಲ್ ಎರಡೂ ಸರಿಯಾಗಿ ಕೂರುತ್ತಿದ್ದುದರಿಂದ ದೋಷ ಪೈಲಟ್ ಜೆಟ್ಟಿನದೇ ಎಂಬುದು ಖಚಿತವಾಯಿತು. ಭೂತಗನ್ನಡಿ ಹಿಡಿದು ನೋಡಿದರೆ, ದುಂಡಗಿರಬೇಕಾದ ರಂಧ್ರ ಒಂದು ಬದಿಗೆ ಎಳೆದಂತೆ ಮೊಟ್ಟೆಯಾಕಾರವಾಗಿತ್ತು. ಹಿಂದೆ ಯಾರೋ ಕ್ಲಚ್ ಕೇಬಲ್ಲಿನ ಉಕ್ಕಿನ ಎಳೆಯಿಂದ ಅದನ್ನು ಚುಚ್ಚಿ ಚುಚ್ಚಿ ಸ್ವಚ್ಛ ಮಾಡಿದ್ದಾರೆ. ಅರ್ಧ ಮಿಲಿಮೀಟರಿಗಿಂತಲೂ ಕಿರಿದಾದ ರಂಧ್ರದಲ್ಲಿ ಇದು ಸಣ್ಣ ಅಪರಾಧವಲ್ಲ: ವ್ಯಾಸ ಹತ್ತನೇ ಒಂದು ಭಾಗ ಹಿಗ್ಗಿದರೆ ಪೆಟ್ರೋಲು ಹರಿಯುವ ದಾರಿಯ ವಿಸ್ತೀರ್ಣ ಶೇ. 21ರಷ್ಟು ಹೆಚ್ಚುತ್ತದೆ. ಜೆಟ್ಟಿಗೆ ಕಾರ್ಬ್ ಕ್ಲೀನರ್ ಮತ್ತು ಕಂಪ್ರೆಸರಿನ ಗಾಳಿ ಸಾಕು. ತೀರಾ ಕಟ್ಟಿಕೊಂಡಿದ್ದರೆ ಮೆದು ತಾಮ್ರದ ಒಂದೇ ಎಳೆ ಬಳಸಬಹುದು. ಉಕ್ಕನ್ನು ಹತ್ತಿರಕ್ಕೂ ತರಬಾರದು.

ಇನ್ನು ತೆಗೆಯುವ ಕೆಲಸ. ಪೈಲಟ್ ಜೆಟ್ಟು, ಹೆಚ್ಚು ಥ್ರಾಟಲಿನಲ್ಲಿ ಪೆಟ್ರೋಲು ಕೊಡುವ ಮೇನ್ ಜೆಟ್ಟಿನಂತೆ ಹೊರಗೆ ಚಾಚಿಕೊಂಡಿರುವುದಿಲ್ಲ, ಆಳವಾದ ಬಾವಿಯ ತಳದಲ್ಲಿ ಕುಳಿತಿರುತ್ತದೆ. ಆದ್ದರಿಂದ ಇಕ್ಕಳ ಹಾಕುವ ಮಾತೇ ಇಲ್ಲ. ಸುತ್ತಲೂ ಬಿಳಿ–ಹಸಿರು ಬಣ್ಣದ ಕಿಲುಬು ಗಟ್ಟಿಯಾಗಿ ಹಿಡಿದಿತ್ತು. ಎಥನಾಲ್ ಬೆರೆತ ಪೆಟ್ರೋಲು ನೀರಿನಂಶವನ್ನು ಹೀರಿಕೊಳ್ಳುತ್ತದೆ, ಮತ್ತು ನಮ್ಮ ಬೆಳಗಾವಿಯ ಮಳೆಗಾಲದಲ್ಲಿ ಹೊರಗಿನ ಗಾಳಿಯಲ್ಲಿ ತೇವಕ್ಕೆ ಬರವಿಲ್ಲ. ಕಬ್ಬು ಬೆಳೆಯುವ ಜಿಲ್ಲೆಯವನಾಗಿ ನನಗೆ ಎಥನಾಲ್ ಬಗ್ಗೆ ತಕರಾರಿಲ್ಲ. ಆದರೆ ಅದು ಬಳಕೆಗೆ ಬರುವ ಮುಂಚಿನ ಕಾಲದ ಗಾಡಿ ವಾರಗಟ್ಟಲೆ ನಿಲ್ಲುವುದಿದ್ದರೆ ಫ್ಲೋಟ್ ಬಟ್ಟಲನ್ನು ಖಾಲಿ ಮಾಡಿಯೇ ನಿಲ್ಲಿಸಬೇಕು.

ಪೆನೆಟ್ರೇಟಿಂಗ್ ಆಯಿಲ್ ರಾತ್ರಿಯಿಡೀ ಬಿಟ್ಟರೂ ಪ್ರಯೋಜನವಾಗಲಿಲ್ಲ. ಸಿಕ್ಕಿಕೊಂಡ ಸ್ಕ್ರೂವನ್ನು ಒಳಗಿನಿಂದ ಕಚ್ಚಿ ತಿರುಗಿಸುವ ಎಕ್ಸ್‌ಟ್ರಾಕ್ಟರ್ ಹಾಕಿ ಎಂದು ಹಲವರು ಸಲಹೆ ಕೊಟ್ಟರು, ಆದರೆ ನಾನು ಒಪ್ಪಲಿಲ್ಲ. ಅದರ ತುದಿ ಮೊಳೆಯಂತೆ ಚೂಪಾಗಿರುವುದರಿಂದ, ಒಳಗೆ ಹೋದಂತೆಲ್ಲ ತೆಳು ಹಿತ್ತಾಳೆಯನ್ನು ಹಿಗ್ಗಿಸಿ ಥ್ರೆಡ್ಡಿಗೆ ಇನ್ನಷ್ಟು ಬಿಗಿಯಾಗಿ ಒತ್ತುತ್ತದೆ. ಒಳಗೆ ಮುರಿದರಂತೂ ಆ ಗಡಸು ಉಕ್ಕನ್ನು ಡ್ರಿಲ್ಲಿನಿಂದ ತೆಗೆಯುವುದೂ ಕಷ್ಟ. ಅದರ ಬದಲು, ಜೆಟ್ಟು ಬಿಚ್ಚುವ ದಿಕ್ಕಿಗೇ ತಿರುಗುತ್ತ ಕೊರೆಯುವ ಎಡಸುತ್ತಿನ ಡ್ರಿಲ್ ಬಿಟ್ ಬಳಸಲು ನಿರ್ಧರಿಸಿದೆ. ಪೇಟೆಯ ಅಂಗಡಿಗಳಲ್ಲಿ ಅದನ್ನು ಕೇಳಿದಾಗ, ಬಲಸುತ್ತಿನದನ್ನೇ ಕೊಟ್ಟು "ಮಷೀನ್ ಉಲ್ಟಾ ತಿರುಗಿಸಿದರೆ ಆಯಿತು" ಎಂದವರೂ ಇದ್ದಾರೆ. ಹಾಗೆ ತಿರುಗಿಸಿದರೆ ಬಿಟ್ ಕೊರೆಯುವುದೇ ಇಲ್ಲ, ಉಜ್ಜುತ್ತದೆ ಅಷ್ಟೇ. ತಾವು ಮಾರುವ ಸಾಮಾನು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಅಂಗಡಿಯವರು ತಿಳಿದಿರಬೇಕು ಎಂದು ನಿರೀಕ್ಷಿಸುವುದು ಹೆಚ್ಚಲ್ಲ. ಕೊನೆಗೆ ಉದ್ಯಮಬಾಗದಲ್ಲಿಯೇ ಒಬ್ಬರ ಬಳಿ ಬಿಟ್ ಸಿಕ್ಕಿತು.

ಲೇತ್ ನಡೆಸುವ ಹಿರಿಯರು ಮೊದಲು ಬಾವಿಯ ಅಳತೆ ತೆಗೆದು, ಅದರೊಳಗೆ ಸಡಿಲವಿಲ್ಲದೆ ಇಳಿಯುವ ಒಂದು ಉಕ್ಕಿನ ಗೈಡ್ ಬುಷ್ ತಿರುವಿ ಕೊಟ್ಟರು. ಬಿಟ್ ಈ ಬುಷ್ಷಿನ ನಡುವೆಯೇ ಇಳಿಯಬೇಕಾದ್ದರಿಂದ ಅದು ಜಾರಿ ಒಡಲಿನ ಥ್ರೆಡ್ಡಿಗೆ ತಾಗುವ ಭಯ ಇರಲಿಲ್ಲ. ಒಡಲನ್ನು ಕುದಿಯುವ ನೀರಿನಲ್ಲಿ ಅದ್ದಿ ತೆಗೆದೆವು; ಒಡಲಿನ ಸತುವಿನ ಮಿಶ್ರಲೋಹ ಹಿತ್ತಾಳೆಗಿಂತ ಹೆಚ್ಚು ಹಿಗ್ಗುವುದರಿಂದ ಹಿಡಿತ ತುಸು ಸಡಿಲಗೊಳ್ಳುತ್ತದೆ. ಗ್ಯಾಸ್ ಟಾರ್ಚ್ ಇಲ್ಲಿ ಬೇಡವೇ ಬೇಡ, ಸತು ಬೇಗನೆ ಕರಗುವ ಲೋಹ. ಮೂರು ಫೇಸಿನ ಡ್ರಿಲ್ಲಿಂಗ್ ಮಷೀನನ್ನು ರಿವರ್ಸಿಗೆ ಹಾಕಿ ನಿಧಾನವಾಗಿ ಇಳಿಸುತ್ತಿದ್ದಾಗ ನಾನು ಸ್ವಲ್ಪ ಭಾರ ಕೊಡಲೇ ಎಂದು ಕೇಳಿದ್ದಕ್ಕೆ ಅವರು, "ಒತ್ತಬ್ಯಾಡ್ರಿ ಸರ್, ಬಿಟ್ ತಾನಾ ಹಿಡೀತೈತಿ" ಎಂದರು. ಹಿತ್ತಾಳೆಯ ಪುಡಿ ಮೇಲೆದ್ದಿತು, ಬಿಟ್ ಕಚ್ಚಿಕೊಂಡಿತು, ಕಟ್ ಎಂಬ ಸದ್ದಿನೊಂದಿಗೆ ಕಿಲುಬು ಬಿಟ್ಟಿತು. ಮರುಕ್ಷಣ ಜೆಟ್ಟು ಬಿಟ್ಟಿಗೆ ಅಂಟಿಕೊಂಡೇ ಸುತ್ತುತ್ತ ಮೇಲೆ ಬಂದಿತು. ಆ ಹಿರಿಯರ ಕೈಗೆ ನನ್ನ ನಮಸ್ಕಾರ.

ಹೊಸ ಜೆಟ್ಟಿನ ಕಥೆ ಬೇರೆಯೇ. ಬೇರೆ ಬೇರೆ ಕಡೆ ಕೊಂಡ ಜೆಟ್ಟುಗಳ ಮೇಲೆ ಒಂದೇ ನಂಬರು ಕೊರೆದಿತ್ತು, ಹರಿವು ಮಾತ್ರ ಒಂದೇ ಆಗಿರಲಿಲ್ಲ. ಪರೀಕ್ಷೆ ಸರಳ: ಸಿರಿಂಜಿನ ಕೊಳವೆಯ ತುದಿಗೆ ರಬ್ಬರ್ ನಳಿಕೆಯಿಂದ ಜೆಟ್ಟನ್ನು ಸಿಕ್ಕಿಸಿ, ಪ್ರತಿ ಸಲವೂ ಅದೇ ಗೆರೆಯವರೆಗೆ ನೀರು ತುಂಬಿ, ಖಾಲಿಯಾಗುವ ಹೊತ್ತನ್ನು ಮೊಬೈಲಿನಲ್ಲಿ ನೋಡುವುದು. ಗೆಳೆಯರ ಗಾಡಿಯ ಮೂಲ ಜೆಟ್ಟನ್ನು ಅಳತೆಗೋಲಾಗಿ ಇಟ್ಟುಕೊಂಡೆ. ಅತಿ ಅಗ್ಗದ ಜೆಟ್ಟು ಎಲ್ಲಕ್ಕಿಂತ ಬೇಗ ಖಾಲಿಯಾಯಿತು. ಅದರ ರಂಧ್ರದ ಅಂಚಿನಲ್ಲಿ ಲೋಹದ ಸಿಬಿರು ಹಾಗೆಯೇ ಉಳಿದಿತ್ತು. ಕಂಪನಿಯ ಪೊಟ್ಟಣದಂತೆಯೇ ಕಾಣುವ ಪೊಟ್ಟಣದಲ್ಲಿ ಇಂಥದ್ದನ್ನು ಮಾರುವುದು ಮೋಸ. ಮೂಲದ ಹರಿವಿಗೆ ಹೊಂದಿದ್ದನ್ನೇ ಕೂರಿಸಿದೆ. ಅದಕ್ಕೂ ಮುಂಚೆ ಪೈಲಟ್ ದಾರಿಗೆ ಕ್ಲೀನರ್ ಬಿಟ್ಟು, ಗಾಳಿ ಹಾಯುವ ಥ್ರೋಟಿನೊಳಗಿನ ಸಣ್ಣ ರಂಧ್ರದಿಂದ ಅದು ಚಿಮ್ಮುವುದನ್ನು ಕಣ್ಣಾರೆ ನೋಡಿದೆ, ಏಕೆಂದರೆ ಕೊರೆದ ಪುಡಿ ಅಲ್ಲಿ ಉಳಿದರೆ ಇಷ್ಟೆಲ್ಲ ಮಾಡಿದ್ದೂ ನೀರುಪಾಲು.

ಈಗ ಏರ್ ಸ್ಕ್ರೂ ಒಂದೂವರೆ ಸುತ್ತಿನ ಆಸುಪಾಸಿನಲ್ಲಿ ಮಾತು ಕೇಳುತ್ತಿದೆ, ಪ್ಲಗ್ಗು ಕಂದು ಬಣ್ಣಕ್ಕೆ ತಿರುಗಿದೆ. ವಂಟಮುರಿ ಘಾಟಿನ ಇಳಿಜಾರಿಗೆ ಮಾತ್ರ ಇನ್ನೂ ಇಳಿಸಿಲ್ಲ. ಥ್ರಾಟಲ್ ಮುಚ್ಚಿ ಇಳಿಯುವಾಗ ಟೂ ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲೂ ಕಡಿಮೆ, ಆಯಿಲ್ಲೂ ಕಡಿಮೆ. ಎಂಜಿನ್ನಿಗೆ ತಾನಾಗಿಯೇ ಆಯಿಲ್ ಉಣಿಸುವ ಈ ಗಾಡಿಯ ಆಟೋಲೂಬ್ ಪಂಪು ಕೊಡುವ ಆಯಿಲ್ ಎಂಜಿನ್ ವೇಗದ ಜೊತೆಗೆ ಥ್ರಾಟಲ್ ಕೇಬಲ್ಲನ್ನೂ ಅವಲಂಬಿಸಿದೆ. ಪಂಪನ್ನು ತೆಗೆದುಹಾಕಿ ಟ್ಯಾಂಕಿಗೇ ಆಯಿಲ್ ಬೆರೆಸುವ ರೂಢಿ ನಮ್ಮ ಕಡೆ ಬಹಳವಿದೆ, ನನಗದು ಒಪ್ಪಿಗೆಯಿಲ್ಲ. ಪಂಪಿನ ಸೀಲುಗಳನ್ನು ಬದಲಿಸಿ, ಕೇಬಲ್ಲಿನ ಗುರುತು ಹೊಂದಿಸಿ, ಗಾಳಿಗುಳ್ಳೆ ಪೂರ್ತಿ ಹೊರಹಾಕಿದ ಮೇಲೆಯೇ ಘಾಟು. ಸೀಲುಗಳನ್ನು ಹುಡುಕಲು ಈಗಾಗಲೇ ಆರಂಭಿಸಿದ್ದೇನೆ.